ಶೀಟಿನಲ್ಲಿ ಅರವತ್ತೆಂಟು ಕೆಜಿ

ಮೊದಲು ಶೂ ಹಿಡಿಯಲಿಲ್ಲ.

ಪೀಣ್ಯ ಎರಡನೇ ಹಂತದ ಒಂದು ವಾಲ್ವ್ ಕಾರ್ಖಾನೆಯಲ್ಲಿ ನಾನು ಇಪ್ಪತ್ತೊಂಬತ್ತು ವರ್ಷಗಳಿಂದ ಕ್ವಾಲಿಟಿ ಇನ್ಸ್‌ಪೆಕ್ಟರ್. ಕೂದಲೆಳೆಗಿಂತ ಸಣ್ಣ ವ್ಯತ್ಯಾಸವನ್ನು ಅಳೆದು ಹಿಡಿಯುವುದೇ ನನಗೆ ಅನ್ನ ಕೊಟ್ಟ ಕೆಲಸ. ಅಂಥ ನನಗೆ, ದೀಪಾವಳಿ ಕಳೆದ ವಾರ ಎಂಟನೇ ನಂಬರಿನ ಸೇಫ್ಟಿ ಶೂ ಒಳಗೆ ಕಾಲು ಇಳಿಯದೆ ಹೋದಾಗ ಹೊಳೆದದ್ದು ಒಂದೇ: ಈ ಸಲ ಬಂದ ಶೂಗಳೇ ಚಿಕ್ಕವು. ಸ್ಕೇಲ್ ಇಟ್ಟು ಶೂ ಅಳೆದೆ. ಕಾಲು ಅಳೆಯಲಿಲ್ಲ. ಸ್ಟೋರಿಗೆ ಹೋಗಿ ಒಂಬತ್ತನೇ ನಂಬರಿನದು ಕೇಳಿದೆ. ಸ್ಟೋರ್ ನೋಡಿಕೊಳ್ಳುವ ನಂಜಪ್ಪ ಇಲ್ಲಿಯದೇ ಹಳ್ಳಿಯವನು. ತನ್ನ ಅಪ್ಪನ ರಾಗಿ ಹೊಲದ ಮೇಲೆ ಈ ಕಾರ್ಖಾನೆ ನಿಂತಿದೆ ಎಂದು ವಾರಕ್ಕೊಮ್ಮೆಯಾದರೂ ನೆನಪಿಸುವವನು.

"ಈ ವಯಸ್ನಲ್ಲಿ ಕಾಲು ಬೆಳೀತಾ ಐತಾ ಸಾ?" ಎಂದು ನಕ್ಕು ಹೊಸ ಜೊತೆ ಕೊಟ್ಟ. ನಾನೂ ನಕ್ಕೆ.

ಆಮೇಲೆ ಮೆಟ್ಟಿಲು. ದಾಸರಹಳ್ಳಿಯಲ್ಲಿ ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಮೂವತ್ತಾರು ಮೆಟ್ಟಿಲು. ಹದಿನೆಂಟನೆಯದರಲ್ಲಿ ನಿಂತು, ಯಾರಾದರೂ ಇಳಿದು ಬಂದರೆ ಫೋನ್ ನೋಡುವವನಂತೆ ನಟಿಸುವುದು ಶುರುವಾಯಿತು. ಮಲಗಿದರೆ ಕೆಮ್ಮು, ಎದ್ದು ಕುಳಿತರೆ ಇಲ್ಲ. ಹೆಂಡತಿ ಗಿರಿಜಾ ನಾಲ್ಕು ದಿನ ನೋಡಿದಳು. ಐದನೇ ದಿನ ಅಡುಗೆಮನೆಯ ಬಾಗಿಲು ಹಾಕಿ, ಸೀರೆ ಬದಲಾಯಿಸಿ, ಆಟೋ ಕರೆದು ನನ್ನನ್ನು ಕೂರಿಸಿದಳು. ಎಲ್ಲಿಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಇಸಿಜಿ. ರಕ್ತ ಪರೀಕ್ಷೆ. ಎಕೋ. ಮೂರು ತಾಸು ಕಾದ ಮೇಲೆ ದೊಡ್ಡ ಡಾಕ್ಟರು ನಾಲ್ಕು ನಿಮಿಷ ಸಿಕ್ಕರು. ಯಾವಾಗಲೋ ಗೊತ್ತಿಲ್ಲದ ಹಾಗೆ ಒಂದು ಹಾರ್ಟ್ ಅಟ್ಯಾಕ್ ಆಗಿ ಹೋಗಿದೆಯಂತೆ. ಹೃದಯ ಪಂಪ್ ಮಾಡಬೇಕಾದದ್ದರಲ್ಲಿ ಅರ್ಧದಷ್ಟು ಮಾತ್ರ ಮಾಡುತ್ತಿದೆಯಂತೆ. ಉಳಿದ ನೀರು ಕಾಲಿನಲ್ಲಿ, ಶ್ವಾಸಕೋಶದಲ್ಲಿ ನಿಲ್ಲುತ್ತಿದೆ. ಅವರು ಕಂಪ್ಯೂಟರ್ ನೋಡುತ್ತಲೇ ಅದರ ಹೆಸರು ಹೇಳಿದರು.

ಹಾರ್ಟ್ ಫೇಲ್ಯೂರ್.

ಫೇಲಾದ ವಾಲ್ವಿಗೆ ನಾವು ಕೆಂಪು ಬಣ್ಣ ಬಳಿದು ಬೇರೆ ಡಬ್ಬಕ್ಕೆ ಹಾಕುತ್ತೇವೆ. ಹಾಗೆ ನನ್ನ ಕೈಯಾರೆ ಹಾಕಿದವು ಎಷ್ಟೋ. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನೆನಪಾದದ್ದು ಆ ಡಬ್ಬ. ಗಿರಿಜಾ ಮಾತ್ರೆಯ ಚೀಟಿಯನ್ನು ಎರಡು ಸಲ ಓದಿ, ಉಪ್ಪಿನಕಾಯಿ ಇವತ್ತಿನಿಂದ ಬಂದ್ ಎಂದಳು.

ನಮಗೆ ಒಬ್ಬಳೇ ಮಗಳು, ಪಲ್ಲವಿ. ಮನೆಯಲ್ಲಿ ಪುಟ್ಟಿ. ಮಹದೇವಪುರದಲ್ಲಿ ಕೆಲಸ. ಹೂಡಿಯಲ್ಲಿ ಇಬ್ಬರು ಗೆಳತಿಯರ ಜೊತೆ ಮನೆ ಮಾಡಿಕೊಂಡಿದ್ದಳು. ಸುದ್ದಿ ಕೇಳಿದ ಸಂಜೆಯೇ ಎರಡು ಬ್ಯಾಗ್ ತುಂಬಿಕೊಂಡು ಬಂದುಬಿಟ್ಟಳು. ದಿನಾ ಬೆಳಗ್ಗೆ ಒಂದೂವರೆ ತಾಸು ಮೆಟ್ರೋ, ಮೆಜೆಸ್ಟಿಕ್ಕಿನಲ್ಲಿ ಇಳಿದು ಬದಲಾಯಿಸುವ ನೂಕುನುಗ್ಗಲು, ಸಂಜೆ ಮತ್ತೆ ಅಷ್ಟೇ. ಅವಳ ಕಣ್ಣಿನ ಕೆಳಗೆ ಕಪ್ಪಾಗುವುದನ್ನು ನಾನು ದಿನಾ ನೋಡುತ್ತಿದ್ದೆ. ನೋಡುವುದು ನನಗೆ ಅಭ್ಯಾಸವಾದ ಕೆಲಸ.

ನಮ್ಮ ಕಾರ್ಖಾನೆಯ ವಿಮೆ ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ ಕೈಹಿಡಿಯುತ್ತದೆ. ಮಲಗದೆ ಇರಲು ಏನು ಬೇಕೋ ಅದಕ್ಕೆ ಇಲ್ಲ. ಪುಟ್ಟಿಯ ಕಂಪನಿಯಲ್ಲಿ ಬೇರೆ ವ್ಯವಸ್ಥೆ. ಹೆಲ್ತ್ ವಾಲೆಟ್ ಎನ್ನುತ್ತಾರೆ. ವರ್ಷಕ್ಕಿಷ್ಟು ಎಂದು ಕಂಪನಿ ಹಾಕುತ್ತದೆ, ಸಂಬಳದಿಂದ ತಿಂಗಳು ತಿಂಗಳು ಅವಳೂ ಸೇರಿಸಬಹುದು, ಸೇರಿಸಿದ್ದಕ್ಕೆ ತೆರಿಗೆ ಇಲ್ಲ. ಆದರೆ ಆರೋಗ್ಯಕ್ಕೆ ಬಿಟ್ಟು ಇನ್ಯಾವುದಕ್ಕೂ ಮುಟ್ಟುವಂತಿಲ್ಲ. ಅವಳು ಎರಡು ವರ್ಷದಿಂದ ಅದನ್ನು ಹಲ್ಲಿಗೆ ಕ್ಲಿಪ್ ಹಾಕಿಸಿಕೊಳ್ಳಲು ಕೂಡಿಡುತ್ತಿದ್ದಳು. ಹತ್ತನೇ ಕ್ಲಾಸಿನಲ್ಲಿ ಕೇಳಿದಾಗ ನಾನು ಪಿಯುಸಿ ಮುಗಿಯಲಿ ಎಂದಿದ್ದೆ. ಪಿಯುಸಿ ಆದಾಗ ಇಂಜಿನಿಯರಿಂಗ್ ಫೀಸ್ ಇತ್ತು. ಈಗಲೂ ಅವಳು ಫೋಟೋದಲ್ಲಿ ಬಾಯಿ ಮುಚ್ಚಿಯೇ ನಗುತ್ತಾಳೆ.

ಆ ವಾಲೆಟ್ ನನ್ನ ಕಡೆ ತಿರುಗಿತು.

ಅವಳ ಆಫೀಸಿನಲ್ಲಿ ಯಾರೋ ಹೇಳಿದ ಯೋಜನೆ. ವರ್ಷಕ್ಕೊಮ್ಮೆ ಕಟ್ಟಿದರೆ ನಿಮಗೇ ಎಂದು ಒಬ್ಬ ಡಾಕ್ಟರು. ಯಾವ ಹೊತ್ತಿನಲ್ಲಿ ಮಾಡಿದರೂ ಅವರೇ ಫೋನ್ ಎತ್ತುತ್ತಾರೆ. ತಿಂಗಳಿಗೊಮ್ಮೆ ಮನೆಗೆ ಬರುತ್ತಾರೆ. ಆಸ್ಪತ್ರೆಗೆ ಹೋಗಬೇಕಾದರೆ ನೀವು ತಲುಪುವ ಮೊದಲೇ ಅಲ್ಲಿಗೆ ನಿಮ್ಮ ಕತೆಯೆಲ್ಲ ತಲುಪಿರುತ್ತದೆ. ಅವರ ಕಾಗದದಲ್ಲಿ ಅದಕ್ಕೆ ಕಾನ್ಸಿಯರ್ಜ್ ಕೇರ್ ಎಂದು ಹೆಸರು. ಗಿರಿಜಾ ಅದನ್ನು ಓದಲು ಪ್ರಯತ್ನಿಸಿ ಕೈಬಿಟ್ಟು, ದಾವಣಗೆರೆಯಲ್ಲಿ ತನ್ನ ತವರಿಗೆ ಸ್ಕೂಟರಿನಲ್ಲಿ ಬರುತ್ತಿದ್ದ ಡಾಕ್ಟರರೂ ಇದನ್ನೇ ಮಾಡುತ್ತಿದ್ದರು, ಕಾಫಿ ಕೊಟ್ಟರೆ ಸಾಕಿತ್ತು ಎಂದಳು.

ವಾಲೆಟ್ಟಿನವರು ಸುಲಭಕ್ಕೆ ಒಪ್ಪಲಿಲ್ಲ. ಬಿಲ್ಲಿನಲ್ಲಿ 'ಸದಸ್ಯತ್ವ' ಎಂದಿದೆ, ಸದಸ್ಯತ್ವ ಎಂದರೆ ಜಿಮ್ಮೂ ಆಗಬಹುದು, ಕ್ಲಬ್ಬೂ ಆಗಬಹುದು ಎಂದು ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ ಕ್ಲಿನಿಕ್ಕಿನವರು 'ಹೃದಯ ರೋಗಿಯ ವೈದ್ಯಕೀಯ ಮೇಲ್ವಿಚಾರಣೆ' ಎಂದು ಬರೆದುಕೊಟ್ಟ ಮೇಲೆ ದಾಟಿತು. ತೂಕ ನೋಡುವ ಯಂತ್ರಕ್ಕೆ ಮಾತ್ರ ಕೊನೆಗೂ ಕೊಡಲಿಲ್ಲ. ಡಾಕ್ಟರಿಗೆ ಕೊಟ್ಟು ತಕ್ಕಡಿಗೆ ಕೊಡದ ಆ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಡಾಕ್ಟರ್ ವಂದನಾ ಬಂದದ್ದು ಒಂದು ಶನಿವಾರ. ನಲವತ್ತರ ಆಸುಪಾಸು. ಮೂವತ್ತಾರು ಮೆಟ್ಟಿಲು ಹತ್ತಿ ಬಂದು, ನೀರು ಕುಡಿದು, ಒಂದೂಕಾಲು ತಾಸು ಕೂತರು. ದೊಡ್ಡ ಆಸ್ಪತ್ರೆಯಲ್ಲಿ ದಿನಕ್ಕೆ ಅರವತ್ತು ಜನರನ್ನು ನೋಡಿ ನೋಡಿ, ಯಾರ ಮುಖವೂ ನೆನಪಿರದ ಹಾಗಾದಾಗ ಬಿಟ್ಟು ಬಂದರಂತೆ. ನನ್ನ ಕಾಲಿನ ಮೇಲೆ ಹೆಬ್ಬೆರಳು ಒತ್ತಿ, ಗುಳಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ನೋಡಿದರು. ಗಿರಿಜಾಳ ಸಾರಿನ ಪುಡಿಯಲ್ಲಿ ಉಪ್ಪಿದೆಯೇ ಎಂದು ಕೇಳಿದರು. ಕೊನೆಗೆ ಒಂದು ಶೀಟ್ ಕೊಟ್ಟರು. ತಾರೀಖು, ಬೆಳಗಿನ ತೂಕ, ಬಿಪಿ, ನಾಡಿ. ದಿನಾ ಬೆಳಗ್ಗೆ ಬಾತ್‌ರೂಮಿಗೆ ಹೋಗಿ ಬಂದು, ತಿಂಡಿಗೆ ಮೊದಲು ತೂಕ ನೋಡಿ ಬರೆಯಬೇಕು. ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಕು. ಗುಂಪಿನಲ್ಲಿ ಅವರು, ನಾನು, ಪುಟ್ಟಿ. ತೂಕ ಒಮ್ಮೆಗೇ ಏರಿದರೆ ಅದು ಕೊಬ್ಬಲ್ಲ, ನೀರು. ಉಸಿರು ಕಟ್ಟುವುದಕ್ಕೆ ವಾರ ಮೊದಲೇ ತೂಕ ಹೇಳುತ್ತದೆ ಎಂದರು.

ನನಗೆ ಇಷ್ಟು ಚೆನ್ನಾಗಿ ಅರ್ಥವಾದ ಡಾಕ್ಟರ್ ಮಾತು ಇನ್ನೊಂದಿಲ್ಲ. ತೂಕದ ಯಂತ್ರವನ್ನು ಕಾರ್ಖಾನೆಗೆ ಒಯ್ದು, ನಮ್ಮ ಪ್ರಮಾಣಿತ ತೂಕದ ಕಲ್ಲುಗಳನ್ನಿಟ್ಟು ಪರೀಕ್ಷಿಸಿ, ಸರಿಯಿದೆ ಎಂದು ಸ್ಟಿಕ್ಕರ್ ಅಂಟಿಸಿಕೊಂಡು ಬಂದೆ. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ನೀರಿಳಿಸುವ ಮಾತ್ರೆಯಿಂದ ಎರಡು ವಾರದಲ್ಲಿ ಐದು ಕೆಜಿ ಇಳಿಯಿತು. ಅರವತ್ತೆಂಟಕ್ಕೆ ನಿಂತಿತು. ಕಾಲು ಮತ್ತೆ ಎಂಟನೇ ನಂಬರಿಗೆ ಬಂತು. ಒಂಬತ್ತರ ಜೊತೆಯನ್ನು ಲಾಕರಿನಲ್ಲಿ ಇಟ್ಟೆ. ಅರವತ್ತೆಂಟೇ ನಿಮ್ಮ ಒಣ ತೂಕ, ಅಂದರೆ ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ, ಅದರ ಆಚೆಈಚೆ ಒಂದು ಕೆಜಿ ಒಳಗಿರಲಿ ಎಂದರು ಡಾಕ್ಟರ್.

ಅರವತ್ತೆಂಟು, ಆಚೆಈಚೆ ಒಂದು. ಇದು ನನ್ನ ಕಾರ್ಖಾನೆಯ ಭಾಷೆ. ನನ್ನನ್ನು ಕೆಡಿಸಿದ್ದೂ ಅದೇ.

ಕಾರ್ಖಾನೆಗಳಲ್ಲಿ ಒಂದು ಪದ್ಧತಿ ಇದೆ. ಮಷೀನಿನ ಹತ್ತಿರ ಎಣ್ಣೆ ಕೈಯಲ್ಲಿ ಅಳೆದದ್ದನ್ನು ಜೇಬಿನ ರಫ್ ಬುಕ್ಕಿನಲ್ಲಿ ಗೀಚಿಕೊಳ್ಳುತ್ತೇವೆ. ಮಧ್ಯಾಹ್ನ ಕೈ ತೊಳೆದು, ಟೇಬಲ್ಲಿಗೆ ಕೂತು, ಅದನ್ನು ಫೇರ್ ಶೀಟಿಗೆ ಇಳಿಸುತ್ತೇವೆ. ಗಿರಾಕಿ ನೋಡುವುದು ಫೇರ್ ಶೀಟನ್ನು. ರಫ್ ಬುಕ್ಕಿನಿಂದ ಟೇಬಲ್ಲಿಗೆ ಬರುವಷ್ಟರಲ್ಲಿ ಕೆಲವು ಅಂಕಿಗಳು ಸ್ವಲ್ಪ ಸಭ್ಯವಾಗುತ್ತವೆ. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ನಮಗೆ ಬಿಡಿಭಾಗ ಕೊಡುವ ಸಣ್ಣ ಶೆಡ್ಡುಗಳವರು ತಂದ ಶೀಟಿನಲ್ಲಿ ಎಲ್ಲ ಅಂಕಿಯೂ ಒಂದೇ ಥರ ಇದ್ದರೆ ನಾನು ಅದನ್ನು ಪಕ್ಕಕ್ಕೆ ಸರಿಸಿ, "ಇದಿರ್ಲಿ, ರಫ್ ಬುಕ್ ತೋರ್ಸಿ" ಎನ್ನುತ್ತಿದ್ದೆ. ಅವರ ಮುಖ ಬಿಳುಚುವುದನ್ನು ನೋಡಿ ಒಳಗೊಳಗೇ ಖುಷಿಪಟ್ಟವನು ನಾನು.

ಡಿಸೆಂಬರಿನ ಒಂದು ಸೋಮವಾರ ತೂಕ ಅರವತ್ತೊಂಬತ್ತೂವರೆ ಬಂತು. ಹಿಂದಿನ ದಿನ ಗಿರಿಜಾಳ ತಂಗಿ ಮನೆಯಲ್ಲಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದಿದ್ದೆ. ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆ. ಎರಡು ನಿಮಿಷದಲ್ಲಿ ಡಾಕ್ಟರ್ ಫೋನ್. ಪುಟ್ಟಿ ಮೆಟ್ರೋ ಹತ್ತಿದ್ದವಳು ಯಶವಂತಪುರದಲ್ಲಿ ಇಳಿದು ವಾಪಸ್ ಓಡಿಬಂದಳು. ರಕ್ತ ಪರೀಕ್ಷೆ, ಮಾತ್ರೆ ಹೆಚ್ಚು. ಎರಡು ದಿನದಲ್ಲಿ ಇಳಿಯಿತು. ಆದರೆ ಆ ದಿನ ಅವಳಿಗೆ ಮುಖ್ಯವಾದ ಒಂದು ಮೀಟಿಂಗ್ ಇತ್ತು. ಆರು ತಿಂಗಳು ಅವಳೇ ಮಾಡಿದ ಕೆಲಸವನ್ನು ಅಲ್ಲಿ ಇನ್ನೊಬ್ಬರು ತೋರಿಸಿದರು. ಅವಳು ನನಗೆ ಒಂದು ಮಾತೂ ಹೇಳಲಿಲ್ಲ. ಬಾಲ್ಕನಿಯಲ್ಲಿ ಗೆಳತಿಯ ಹತ್ತಿರ ಮಾತಾಡುವಾಗ ಕೇಳಿಸಿತು.

ಒಂದು ನಿಜವಾದ ಅಂಕಿಗೆ ಎಷ್ಟು ಬೆಲೆ ತೆರಬೇಕು ಎಂದು ಆಗ ಗೊತ್ತಾಯಿತು.

ಮುಂದಿನ ಸಲ ಅರವತ್ತೊಂಬತ್ತು ಪಾಯಿಂಟ್ ಎರಡು ಬಂದಾಗ ಅರವತ್ತೆಂಟು ಪಾಯಿಂಟ್ ನಾಲ್ಕು ಎಂದು ಬರೆದೆ. ನಾಳೆ ಇಳಿಯುತ್ತದೆ, ಆಗ ಸರಿಯಾಗಿಯೇ ಬರೆದರಾಯಿತು ಎಂದುಕೊಂಡೆ. ಇಳಿಯಲಿಲ್ಲ. ಎರಡನೇ ಸುಳ್ಳಿಗೆ ಮೊದಲನೆಯದರಷ್ಟು ಕಷ್ಟವಾಗಲಿಲ್ಲ. ಮೂರನೆಯದಕ್ಕೆ ಕೈ ತಾನಾಗಿ ಓಡಿತು.

ಇದರಲ್ಲಿ ನಾನು ಪಳಗಿದವನು ಎಂಬುದನ್ನು ನಾಚಿಕೆಯಿಂದಲೇ ಹೇಳುತ್ತೇನೆ. ಒಂದೇ ಅಂಕಿ ಎರಡು ದಿನ ಬರೆಯಲಿಲ್ಲ. ಅರವತ್ತೆಂಟು ಪಾಯಿಂಟ್ ಒಂದು, ಮೂರು, ಎರಡು, ಐದು. ನಡುವೆ ಒಮ್ಮೆ ಅರವತ್ತೆಂಟು ಪಾಯಿಂಟ್ ಎಂಟು ಬರೆದು, ಮರುದಿನ ಇಳಿಸಿ, ನಂಬಿಕೆ ಬರುವ ಹಾಗೆ ಮಾಡಿದೆ. ಬೇರೆಯವರ ಕಳ್ಳ ಶೀಟುಗಳನ್ನು ಹಿಡಿದು ಹಿಡಿದು ಕಲಿತ ವಿದ್ಯೆ. ಆದರೂ ಪ್ರತಿದಿನ ಬೆಳಗ್ಗೆ ಯಂತ್ರದ ಮೇಲೆ ಸರಿಯಾಗಿ ನಿಂತೆ, ಸರಿಯಾಗಿ ನೋಡಿದೆ. ಕಂಡದ್ದನ್ನು ಜೇಬಿನ ರಫ್ ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದುಕೊಂಡೆ. ಮುಂದಿನ ಪುಟಗಳಲ್ಲಿ ವಾಲ್ವ್, ಹಿಂದಿನ ಪುಟಗಳಲ್ಲಿ ನಾನು. ಅಳೆದ ಮೇಲೆ ಎಲ್ಲಿಯಾದರೂ ನಿಜ ಬರೆಯದಿದ್ದರೆ ನನಗೆ ತಿಂಡಿ ಇಳಿಯುವುದಿಲ್ಲ.

ಶೀಟ್ ಚೆನ್ನಾಗಿತ್ತು. ಅಂದುಕೊಂಡ ಹಾಗೆಯೇ ಎಲ್ಲ ಆಯಿತು. ಸಂಕ್ರಾಂತಿ ಮುಗಿಸಿ ಪುಟ್ಟಿ ಹೂಡಿಗೆ ಮರಳಿದಳು. ಹೋಗುವ ದಿನ ಅವಳ ಮುಖದಲ್ಲಿ ನಿದ್ದೆ ತುಂಬಿದ ಗೆಲುವಿತ್ತು. ನನ್ನ ನಾಟಕಕ್ಕೆ ಸಂಬಳ ಸಿಕ್ಕಿತು ಎನಿಸಿತು. ಡಾಕ್ಟರ್ ವಂದನಾ ಜನವರಿಯ ಭೇಟಿಯನ್ನು ಮುಂದಕ್ಕೆ ಹಾಕಿದರು. ಅವರ ಇನ್ನೊಬ್ಬ ರೋಗಿ ಐಸಿಯುನಲ್ಲಿದ್ದರಂತೆ, ನನ್ನ ಅಂಕಿಗಳು ಚೆನ್ನಾಗಿದ್ದವಲ್ಲ. ಫೆಬ್ರವರಿಯಲ್ಲೂ ಫೋನಿನಲ್ಲೇ ಮಾತಾಡಿದೆವು. ಮಾತ್ರೆಯಿಂದ ದಿನವಿಡೀ ಬಾತ್‌ರೂಮಿಗೆ ಓಡುವುದಾಗಿದೆ, ಶಿಫ್ಟಿನಲ್ಲಿ ಕಷ್ಟ ಎಂದೆ. ಅವರು ಶೀಟ್ ನೋಡಿ ಮಾತ್ರೆಯನ್ನು ಅರ್ಧ ಮಾಡಿದರು.

ನನ್ನ ಸುಳ್ಳನ್ನು ಓದಿ ಔಷಧಿ ಕೊಟ್ಟರು.

ಮಾರ್ಚ್ ಬರುವಷ್ಟರಲ್ಲಿ ಲಾಕರಿನಿಂದ ಒಂಬತ್ತರ ಶೂ ಹೊರಗೆ ಬಂದಿತ್ತು. ದಿಂಬು ಎರಡಾಯಿತು, ಮೂರಾಯಿತು. ಗಿರಿಜಾ ಕೇಳಿದರೆ ಗ್ಯಾಸ್ ಎಂದೆ. ಅವಳು ಕೇಳುವುದನ್ನು ನಿಲ್ಲಿಸಿದಳು, ನೋಡುವುದನ್ನು ನಿಲ್ಲಿಸಲಿಲ್ಲ. ಒಂದು ಸಂಜೆ ಕ್ಯಾಂಟೀನಿನಲ್ಲಿ ಎದುರು ಕೂತ ನಂಜಪ್ಪ ತನ್ನ ಅಕ್ಕನ ಗಂಡನ ಸಂಕಟ ಹೇಳಿಕೊಂಡ. ಅವರಿಗೂ ಹೃದಯದ್ದೇ ತೊಂದರೆ. ಇಎಸ್‌ಐ ಆಸ್ಪತ್ರೆಯಲ್ಲಿ ಬೆಳಗ್ಗೆ ಆರಕ್ಕೆ ಸಾಲಿನಲ್ಲಿ ನಿಂತರೆ ಮಧ್ಯಾಹ್ನ ಡಾಕ್ಟರು ಸಿಗುತ್ತಾರೆ. "ನಿಮ್ಗೇನ್ ಬಿಡಿ ಸಾ, ಡಾಕ್ಟ್ರು ಜೇಬಲ್ಲೇ ಅವ್ರೆ" ಎಂದ. ನನ್ನ ಜೇಬಿನಲ್ಲಿ ಇದ್ದದ್ದು ರಫ್ ಬುಕ್. ಅದರಲ್ಲಿ ಆ ದಿನದ ತೂಕ ಎಪ್ಪತ್ತೆರಡು ಪಾಯಿಂಟ್ ಆರು. ಅವನ ಭಾವನಿಗೆ ಸಿಗದ ಫೋನ್ ನಂಬರು ನನ್ನ ಹತ್ತಿರ ಇತ್ತು. ನಾನು ಮಾಡಲಿಲ್ಲ. ಮಾಡಿದರೆ ಪುಟ್ಟಿ ಮತ್ತೆ ಬ್ಯಾಗ್ ಕಟ್ಟುತ್ತಾಳೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಹೇಳಲು ಕಷ್ಟ. ಎರಡು ತಿಂಗಳು ಸುಳ್ಳು ಬರೆದ ಮೇಲೆ ನಿಜ ಹೇಳಬೇಕಾದರೆ ಮೊದಲು ಸುಳ್ಳನ್ನು ಹೇಳಬೇಕಾಗುತ್ತದೆ.

ಮಾರ್ಚ್ ಎರಡನೇ ವಾರ ನಮ್ಮಲ್ಲಿ ದೊಡ್ಡ ಗಿರಾಕಿಯೊಬ್ಬರ ಆಡಿಟ್ ಇತ್ತು. ಬೆಳಗ್ಗೆ ಹನ್ನೊಂದು ಗಂಟೆ. ಆಡಿಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಪುಟ್ಟಿಗಿಂತ ಎರಡು ವರ್ಷ ದೊಡ್ಡವಳಿರಬಹುದು. ನನ್ನ ಫೈಲು ತಿರುವುತ್ತಾ, "ಸಾರ್, ಇದರ ಒರಿಜಿನಲ್ ರೀಡಿಂಗ್ಸ್ ಇದ್ಯಾ?" ಎಂದಳು. ಅಂದಿನ ವಾಲ್ವುಗಳ ಅಂಕಿಗಳಲ್ಲಿ ಯಾವ ಮೋಸವೂ ಇರಲಿಲ್ಲ. ಧೈರ್ಯವಾಗಿ ಜೇಬಿಗೆ ಕೈ ಹಾಕಿದೆ. ಪುಸ್ತಕ ಹೊರಗೆ ತೆಗೆದೆ. ಕೊಡಲು ಕೈ ಚಾಚಿದೆ.

ಗಾಳಿ ಸಿಗಲಿಲ್ಲ.

ಎಳೆದೆ. ಒಳಗೆ ಹೋಗಲಿಲ್ಲ. ಮತ್ತೆ ಎಳೆದೆ. ಬಾಯಿಗೆ ನೊರೆಯಂಥದ್ದು ಬಂತು. ಅವಳು ಕುರ್ಚಿ ತಳ್ಳಿ ಎದ್ದದ್ದು ಕಂಡಿತು. ಆಮೇಲೆ ನಂಜಪ್ಪನ ತೋಳು, ಅವನ ಕಾರಿನ ಹಿಂದಿನ ಸೀಟು, ತುಮಕೂರು ರಸ್ತೆಯ ಫ್ಲೈಓವರ್ ಕೆಳಗೆ ನಿಂತೇ ಇದ್ದ ಲಾರಿಗಳು. ಅವನು ಹಾರ್ನ್ ಮೇಲೆ ಇಟ್ಟ ಕೈ ತೆಗೆಯಲಿಲ್ಲ.

ಎಮರ್ಜೆನ್ಸಿಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿದರು. ಗಿರಿಜಾ ಎಷ್ಟು ಹೊತ್ತಿಗೆ ಬಂದಳೋ ಗೊತ್ತಿಲ್ಲ, ಅವಳ ಫೋನ್ ಡ್ಯೂಟಿ ಡಾಕ್ಟರ ಕೈಯಲ್ಲಿತ್ತು, ಸ್ಪೀಕರಿನಲ್ಲಿ. ಪುಟ್ಟಿ ಆಫೀಸಿನಿಂದಲೇ ಡಾಕ್ಟರ್ ವಂದನಾರನ್ನು ಅದೇ ಕರೆಗೆ ಸೇರಿಸಿದ್ದಳು. ಅವರು ಮೊದಲ ರಿಂಗಿಗೇ ಎತ್ತಿದ್ದರು. ನಮಗೆ ಮಾತು ಕೊಟ್ಟದ್ದೆಲ್ಲ ಅಕ್ಷರಶಃ ನಡೆಯುತ್ತಿತ್ತು. ನಾನು ಮಾತಾಡಲಾಗದೆ ಮಲಗಿದ್ದೆ, ನನ್ನ ಕತೆ ನನಗಿಂತ ಮೊದಲೇ ಅಲ್ಲಿಗೆ ತಲುಪುತ್ತಿತ್ತು.

"ತೂಕ ಮೂರು ತಿಂಗಳಿಂದ ಸ್ಟೆಡಿ ಇದೆ" ಎಂದು ಅವರ ದನಿ ಹೇಳುತ್ತಿತ್ತು. "ಇವತ್ತು ಬೆಳಗ್ಗೆ ಅರವತ್ತೆಂಟು ಪಾಯಿಂಟ್ ಮೂರು. ಹಾಗಾಗಿ ಫ್ಲೂಯಿಡ್ ಇರೋ ಚಾನ್ಸ್ ಕಮ್ಮಿ. ಇನ್ಫೆಕ್ಷನ್ ಇದ್ಯಾ ನೋಡಿ."

ಬಿಪಿ ಕೆಳಗೆ ಹೋಗುತ್ತಿದೆ ಎಂದು ಡ್ಯೂಟಿ ಡಾಕ್ಟರು ನರ್ಸಿಗೆ ಡ್ರಿಪ್ ಹಾಕಲು ಹೇಳಿದರು. ನನ್ನ ಕಾಲಿನಲ್ಲಿ ಇನ್ನೂ ಶೂ ಇತ್ತು, ಲೇಸು ಕಟ್ಟಿಕೊಂಡೇ. ನರ್ಸ್ ಸ್ಟ್ಯಾಂಡಿಗೆ ಬಾಟಲಿ ನೇತುಹಾಕಿದಳು. ನೀರಿನಲ್ಲಿ ಮುಳುಗುತ್ತಿರುವವನಿಗೆ ಇನ್ನೊಂದು ಬಾಟಲಿ ನೀರು. ಅದು ಬರುತ್ತಿದ್ದದ್ದು ನಾನು ಬರೆದ ಅಂಕಿಯಿಂದ.

ಮಾಸ್ಕ್ ಎಳೆದು ತೆಗೆದೆ.

"ಶೀಟ್ ಸುಳ್ಳು" ಎಂದೆ.

ಡ್ಯೂಟಿ ಡಾಕ್ಟರಿಗೆ ಅರ್ಥವಾಗಲಿಲ್ಲ. ನರ್ಸ್ ಮಾಸ್ಕನ್ನು ಮತ್ತೆ ಹಾಕಲು ಬಂದಳು. ಅವಳ ಕೈ ಹಿಡಿದುಕೊಂಡೆ.

"ಎಪ್ಪತ್ನಾಲ್ಕು. ಎಪ್ಪತ್ನಾಲ್ಕು ಪಾಯಿಂಟ್ ಒಂದು. ಶೂ ಬಿಚ್ಚಿ."

ಫೋನಿನ ಆ ಕಡೆ ಪುಟ್ಟಿಯೂ ಕೇಳಿಸಿಕೊಂಡಳು ಎಂಬುದು ನನಗೆ ಗೊತ್ತಾಯಿತು. ಡಾಕ್ಟರ್ ವಂದನಾ ಏಕೆ ಎಂದು ಕೇಳಲಿಲ್ಲ. ಡ್ರಿಪ್ ನಿಲ್ಲಿಸಿ, ಕೂರಿಸಿ, ನೀರಿಳಿಸುವ ಇಂಜೆಕ್ಷನ್ ಈಗಲೇ ಕೊಡಿ ಎಂದು ಒಂದರ ಹಿಂದೊಂದು ಹೇಳಿದರು. ಶೂ ಬಿಚ್ಚಿದಾಗ ಕಾಲುಚೀಲದ ಗುರುತು ಕಾಲಿನಲ್ಲಿ ಬೆರಳು ಹೋಗುವಷ್ಟು ಆಳವಿತ್ತು ಎಂದು ಆಮೇಲೆ ಗಿರಿಜಾ ಹೇಳಿದಳು.

ಆಸ್ಪತ್ರೆಯಲ್ಲಿ ಆರು ದಿನ ಇದ್ದೆ. ಎರಡು ದಿನ ಐಸಿಯು, ನಾಲ್ಕು ದಿನ ವಾರ್ಡ್. ಮೂರನೇ ದಿನ ಪುಟ್ಟಿ ಮಂಚದ ಪಕ್ಕ ಕೂತಿದ್ದಳು. ಕಾರ್ಖಾನೆಯ ಅಂಗಿಯನ್ನು ಕತ್ತರಿಸಿ ತೆಗೆದು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟಿದ್ದರು. ಕಾರಿಗೆ ಹತ್ತಿಸುವಾಗ ನಂಜಪ್ಪ ಕೆಳಗೆ ಬಿದ್ದ ರಫ್ ಬುಕ್ಕನ್ನು ಎತ್ತಿ ಅದೇ ಅಂಗಿಯ ಜೇಬಿಗೆ ಹಾಕಿದ್ದನಂತೆ. ಹಿಂದಿನ ಪುಟಗಳನ್ನು ನೋಡು, ಡಾಕ್ಟರಿಗೆ ಕೊಡು ಎಂದೆ. ಅವಳು ತೆಗೆದು ಓದತೊಡಗಿದಳು. ಓದುವುದು ಬಹಳ ಹೊತ್ತು ಆಯಿತು. ನಮ್ಮ ರಫ್ ಬುಕ್ಕಿನಲ್ಲಿ ಅಂಕಿಯ ಪಕ್ಕ ಒಂದು ಷರಾ ಬರೆಯುವ ರೂಢಿ. ಟೂಲ್ ಬದಲಾಯಿತು, ಕರೆಂಟ್ ಹೋಗಿತ್ತು, ಅಂಥದ್ದು. ಅಭ್ಯಾಸಬಲದಿಂದ ಅಲ್ಲಿಯೂ ಬರೆದಿದ್ದೆ. 'ಹಪ್ಪಳ ತಿಂದೆ.' 'ಎರಡು ದಿಂಬು.' 'ಪುಟ್ಟಿ ಹೂಡಿಗೆ ಹೋದಳು. ಚೆನ್ನಾಗಿ ನಿದ್ದೆ ಮಾಡಲಿ.'

ಅವಳು ಪುಸ್ತಕ ಮುಚ್ಚಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ನಾನ್ ದಿನಾ ಬೆಳಗ್ಗೆ ಆ ಶೀಟ್ ನೋಡ್ಕೊಂಡು ಆಫೀಸ್‌ಗೆ ಹೋಗ್ತಿದ್ದೆ ಅಪ್ಪ" ಎಂದಳು. "ದೇವರ ಫೋಟೋ ನೋಡಿದ್ ಹಾಗೆ."

ಅವಳು ಮೂರು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಾತ್ರೆ ತಂದಿಟ್ಟಳು, ಬಿಲ್ಲು ಕಟ್ಟಿದಳು, ಕಾರಿನಲ್ಲಿ ಕೂರಿಸಿಕೊಂಡು ಬಂದಳು, ಎಲ್ಲ ಮಾಡಿದಳು. ಮಾತು ಮಾತ್ರ ಆಡಲಿಲ್ಲ. ಐಸಿಯುನಲ್ಲಿ ಉಸಿರು ಸಿಗದಿದ್ದದ್ದಕ್ಕಿಂತ ಆ ಮೂರು ವಾರ ನನಗೆ ಭಾರವಾದವು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತಂತೆ ಎಂದು ಗಿರಿಜಾ ಗೋಡೆಯ ಕಡೆ ತಿರುಗಿ ಹೇಳಿದಳು. ಗೋಡೆಗೆ ಹೇಳಿದ್ದಲ್ಲ ಎಂದು ನನಗೆ ಗೊತ್ತಿತ್ತು.

ಮನೆಗೆ ಬಂದ ವಾರ ಡಾಕ್ಟರ್ ವಂದನಾ ಬಂದರು. ಇನ್ನು ನಿಮ್ಮನ್ನು ನೋಡಲಾರೆ ಎನ್ನುತ್ತಾರೆ ಎಂದುಕೊಂಡಿದ್ದೆ. ಹಾಗೆ ಅಂದರೆ ಒಪ್ಪಿಕೊಳ್ಳಲು ಸಿದ್ಧನಾಗಿದ್ದೆ. ಅವರು ರಫ್ ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿದರು, ಪೆನ್ಸಿಲಿನಲ್ಲಿ ಗುರುತು ಹಾಕಿದರು. ಎಷ್ಟು ಉಪ್ಪಿಗೆ ಎಷ್ಟು ಏರುತ್ತದೆ, ಎಷ್ಟು ಮಾತ್ರೆಗೆ ಎಷ್ಟು ದಿನದಲ್ಲಿ ಇಳಿಯುತ್ತದೆ ಎಂಬುದೆಲ್ಲ ಇದರಲ್ಲಿದೆ, ಇಷ್ಟು ಚೆನ್ನಾಗಿ ತಮ್ಮ ಯಾವ ರೋಗಿಯೂ ಬರೆದಿಲ್ಲ ಎಂದರು. ನನಗೆ ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲ. ನನ್ನನ್ನು ಕ್ಷಮಿಸಿ ಎಂದೆ.

"ತಪ್ಪು ನಂದೂ ಇದೆ ಸಾರ್" ಎಂದರು. "ಎರಡು ತಿಂಗಳು ನಾನು ನಿಮ್ಮ ಕಾಲು ಮುಟ್ಟಿ ನೋಡಿಲ್ಲ. ಶೀಟ್ ನೋಡಿದೆ. ಒಂದ್ಸಲ ಬಂದು ಒತ್ತಿದ್ದಿದ್ರೆ ಸಾಕಿತ್ತು."

ಅವರು ಅಷ್ಟು ಹೇಳಬೇಕಾಗಿರಲಿಲ್ಲ. ವರ್ಷಕ್ಕಿಷ್ಟು ಎಂದು ಕಟ್ಟಿ ನಾವು ಕೊಂಡದ್ದು ಫೋನ್ ನಂಬರನ್ನಲ್ಲ, ಒಂದು ಮನುಷ್ಯಜೀವ ನನ್ನ ಕಾಲಿನ ಮೇಲೆ ಹೆಬ್ಬೆರಳಿಟ್ಟು ಕಾಯುವ ಆ ಹೊತ್ತನ್ನು ಎಂದು ಈಗ ಅನಿಸುತ್ತದೆ. ಅದನ್ನು ಕೊಂಡ ಮೇಲೂ ಬೇಡ ಎಂದವನು ನಾನು. ನಂಜಪ್ಪನ ಭಾವ ಈಗಲೂ ಆರಕ್ಕೆ ಸಾಲಿನಲ್ಲಿ ನಿಲ್ಲುತ್ತಾರೆ. ಅವರು ತಮ್ಮ ಡಾಕ್ಟರಿಗೆ ಸುಳ್ಳು ಹೇಳಿರಲಿಕ್ಕಿಲ್ಲ. ಇದಕ್ಕೆ ನನ್ನ ಹತ್ತಿರ ಸಮಾಧಾನವಿಲ್ಲ.

ಏಪ್ರಿಲ್‌ನಲ್ಲಿ ವಾಲೆಟ್ಟಿಗೆ ಹೊಸ ವರ್ಷದ ಹಣ ಬಿದ್ದ ಕೂಡಲೇ ಪುಟ್ಟಿ ಯೋಜನೆಯನ್ನು ಇನ್ನೊಂದು ವರ್ಷಕ್ಕೆ ಮುಂಗಡವಾಗಿಯೇ ಕಟ್ಟಿದಳು. ನನ್ನನ್ನು ಕೇಳಲಿಲ್ಲ. ಹಲ್ಲಿನ ಕ್ಲಿಪ್ ಈ ವರ್ಷವೂ ಇಲ್ಲ. ಮೊದಲು ಅದನ್ನು ಮಾಡಿಸಿಕೋ ಎಂದು ನಾನು ಬಾಯಿ ತೆರೆದೆ. ನೀವು ಹೇಳಿದ ಅಂಕಿಯನ್ನು ನಂಬಿ ಒಮ್ಮೆ ಹೂಡಿಗೆ ಹೋಗಿದ್ದೆ, ಸಾಕು ಎಂದಳು. ಮೂರು ವಾರದ ಮೇಲೆ ಅವಳು ಆಡಿದ ಮೊದಲ ಉದ್ದದ ಮಾತು ಅದು. ಬೈಗುಳವಾದರೂ ಹಾಯೆನಿಸಿತು. ಮೇ ತಿಂಗಳಲ್ಲಿ ಅವಳು ಮತ್ತೆ ಹೂಡಿಗೆ ಹೋದಳು. ಅದಕ್ಕೆ ಮೊದಲು ಒಂದು ಕರಾರು ಹಾಕಿದಳು. ಕರಾರು ನನ್ನ ಕಾರ್ಖಾನೆಯದೇ. ಅಳೆದವನ ಸಹಿ ಒಂದೇ ನಮ್ಮಲ್ಲಿ ನಡೆಯುವುದಿಲ್ಲ, ನೋಡಿದವರದ್ದೂ ಬೇಕು.

ಹಾಗಾಗಿ ಈಗ ಬೆಳಗ್ಗೆ ನಾನು ಯಂತ್ರದ ಮೇಲೆ ನಿಂತರೆ ಗಿರಿಜಾ ಕನ್ನಡಕ ಹಾಕಿಕೊಂಡು ಬಗ್ಗಿ ನೋಡುತ್ತಾಳೆ. ಫೇರ್ ಶೀಟ್ ಇಲ್ಲ. ರಫ್ ಬುಕ್ಕಿನಲ್ಲೇ ಬರೆಯುತ್ತೇನೆ, ಅವಳು ಪಕ್ಕದಲ್ಲಿ ಗಿ ಎಂದು ಬರೆಯುತ್ತಾಳೆ, ಅದರದ್ದೇ ಫೋಟೋ ಹೋಗುತ್ತದೆ. ಒಮ್ಮೊಮ್ಮೆ ಅದರ ಮೇಲೆ ಹಾಲಿನ ಕಲೆ ಇರುತ್ತದೆ.

ನನಗೆ ವಾಸಿಯಾಗಿಲ್ಲ. ಇದು ವಾಸಿಯಾಗುವ ಕಾಯಿಲೆಯಲ್ಲ. ಬೆಳಗ್ಗೆ ಎದ್ದಾಗಲೇ ಸಂಜೆಯ ದಣಿವು ಇರುತ್ತದೆ. ಹದಿನೆಂಟನೇ ಮೆಟ್ಟಿಲಿನಲ್ಲಿ ಈಗಲೂ ನಿಲ್ಲುತ್ತೇನೆ, ಫೋನ್ ತೆಗೆಯುವುದಿಲ್ಲ, ಸುಮ್ಮನೆ ನಿಲ್ಲುತ್ತೇನೆ. ನಂಜಪ್ಪನಿಗೆ ಒಂಬತ್ತರ ಶೂ ವಾಪಸ್ ಕೊಟ್ಟಿದ್ದೇನೆ. ಮತ್ತೆ ಕೇಳಿದರೆ ಕೊಡಬೇಡ, ನಮ್ಮ ಮನೆಗೆ ಫೋನ್ ಮಾಡು ಎಂದು ಹೇಳಿದ್ದೇನೆ. ಎಂಟನೇ ನಂಬರು ಸಾಕಾಗುತ್ತಿದೆ. ಇಷ್ಟಕ್ಕೆ ಯಾರಿಗೆ ಕೈ ಮುಗಿಯಬೇಕೋ ಅವರಿಗೆಲ್ಲ ಮುಗಿಯುತ್ತೇನೆ.

ಇವತ್ತು ಬೆಳಗ್ಗೆ ಅರವತ್ತೊಂಬತ್ತು ಪಾಯಿಂಟ್ ಆರು ಬಂತು. ಯಂತ್ರದಿಂದ ಇಳಿದು ಮತ್ತೆ ಹತ್ತಿದೆ. ಅಷ್ಟೇ ಬಂತು. ಗಿರಿಜಾ ಪೆನ್ ಕೊಟ್ಟಳು. ಬರೆದೆ. ಅವಳು ಗಿ ಹಾಕಿದಳು. ಫೋಟೋ ಹೋಗಿ ಕಾಫಿ ಸೋಸುವಷ್ಟರಲ್ಲಿ ಡಾಕ್ಟರ್ ವಂದನಾ ಫೋನ್ ಮಾಡಿ, ಇವತ್ತು ನಾಳೆ ಮಾತ್ರೆ ಎರಡು ಮಾಡಿ, ಸಂಜೆ ಬಂದು ಕಾಲು ನೋಡುತ್ತೇನೆ ಎಂದರು. ಗುಂಪಿನಲ್ಲಿ ಪುಟ್ಟಿಯ ಮೆಸೇಜ್ ಬಿತ್ತು.

'ನೋಡಿದೆ. ಬರ್ಲಾ?'

ಬೇಡ ಪುಟ್ಟಿ, ಚೆನ್ನಾಗಿದ್ದೀನಿ ಎಂದು ಟೈಪ್ ಮಾಡಿದೆ. ಅದನ್ನು ಸ್ವಲ್ಪ ಹೊತ್ತು ನೋಡಿದೆ. ಒಂದೊಂದೇ ಅಕ್ಷರ ಅಳಿಸಿದೆ.

'ಬಾ' ಎಂದು ಬರೆದು ಕಳಿಸಿದೆ.